ಖಲಾಸ್ ಪೊರ್ಬುವಿನ ಹೆಬ್ಬೆರಳು

ಮೊದಲೇ ಹೇಳಿಬಿಡ್ತೇನೆ, ಬಟನ್ ನಾನು ಒತ್ತಲಿಲ್ಲ. ಆ ಶುಕ್ರವಾರ ಸಂಜೆ ಎಗೈಲಾದ ಮೈದಾನದಲ್ಲಿ ಈ ಮಾತನ್ನು ಕಂಡಕಂಡವರಿಗೆಲ್ಲ ಹೇಳಿದೆ. ಹೆಂಡತಿ ನಂಬಲಿಲ್ಲ, ಮಗಳು ನಂಬಲಿಲ್ಲ, ಗುರುತು ಪರಿಚಯ ಇಲ್ಲದ ಪಾಪ್‌ಕಾರ್ನ್ ಮಾರುವವನು ಕೂಡ ನನ್ನ ಮುಖ ನೋಡಿ ತಲೆ ಅಲ್ಲಾಡಿಸಿದ. ಈಚಲ ಮರದ ಕೆಳಗೆ ಕೂತು ಮಜ್ಜಿಗೆ ಕುಡಿದರೂ ಜನ ಹೆಂಡ ಅಂತಲೇ ಹೇಳುವುದು. ನನ್ನದು ಅದೇ ಅವಸ್ಥೆ ಆಯಿತು ಮಾರಾಯ್ರೆ.

ನಾನು ರುಡಾಲ್ಫ್. ಊರು ಪೆರ್ಮನ್ನೂರು, ಈಗ ಇರುವುದು ಕುವೈತಿನ ಮಂಗಫ್‌ನಲ್ಲಿ. ಬೆಳಿಗ್ಗೆ ಕಂಪೆನಿ ಬಸ್ಸು ಹತ್ತಿ ಮೀನಾ ಅಬ್ದುಲ್ಲಾಕ್ಕೆ ಹೋದರೆ ಅಲ್ಲಿ ರಿಫೈನರಿಯ ಕಾಂಟ್ರಾಕ್ಟ್ ಕೆಲಸಗಳಿಗೆ ನಾನು ಸೇಫ್ಟಿ ಆಫೀಸರ್. ಸೇಫ್ಟಿ ಆಫೀಸರ್ ಅಂದರೆ ಎಂತ? ನಿಲ್ಲಿಸುವವನು. ಬೆಲ್ಟ್ ಕಟ್ಟದೆ ಮೇಲೆ ಹತ್ತಿದ್ದಾನಾ, ನಿಲ್ಲಿಸು. ಗ್ಯಾಸ್ ನೋಡದೆ ವೆಲ್ಡಿಂಗ್ ಶುರು ಮಾಡಿದ್ದಾನಾ, ನಿಲ್ಲಿಸು. ನಿಲ್ಲಿಸಿದ್ದಕ್ಕೆ ನನ್ನನ್ನು ಯಾರೂ ಹೊಗಳುವುದಿಲ್ಲ. ಆಗದೇ ಹೋದ ಅಪಘಾತಕ್ಕೆ ಥ್ಯಾಂಕ್ಸ್ ಹೇಳುವವರು ಯಾರು? ಬೈಗುಳ ಮಾತ್ರ ದಿನಾ ಸಿಗ್ತದೆ, ಬೇಕಾದ ಭಾಷೆಯಲ್ಲಿ.

ನನಗೆ ಖಲಾಸ್ ಪೊರ್ಬು ಅಂತ ಹೆಸರಿಟ್ಟವನು ಝಹೀರ್. ದೇರಳಕಟ್ಟೆಯ ಬ್ಯಾರಿ ಮುಸ್ಲಿಂ, ಮೀನಾ ಅಬ್ದುಲ್ಲಾದಲ್ಲೇ ಅಬೂ ನಾಸರ್ ಎಂಬ ಕುವೈತಿಯ ಗ್ಯಾರೇಜಿನಲ್ಲಿ ಫೋರ್‌ಮನ್. ನಮ್ಮ ಕಡೆ ಕ್ರಿಶ್ಚಿಯನರನ್ನು ಪೊರ್ಬು ಅಂತ ಕರೆಯುವುದು ರೂಢಿ. ಮುಗಿಯಿತು, ಬಂದ್ ಮಾಡು ಅನ್ನಲಿಕ್ಕೆ ಇಲ್ಲಿಯವರ ಮಾತು ಖಲಾಸ್. ಎರಡನ್ನೂ ಸೇರಿಸಿ ನನ್ನ ಕೊರಳಿಗೆ ಕಟ್ಟಿದ, ಈಗ ಅವನ ಗ್ಯಾರೇಜಿನ ನೇಪಾಳಿಗಳಿಗೂ ನಾನು ಖಲಾಸ್ ಪೊರ್ಬುವೇ. ಸಿಟ್ಟು ಬರ್ತದೆ. ಬಂದು ಎಂತ ಮಾಡುವುದು, ಕಾರು ರಿಪೇರಿಗೆ ಅವನಷ್ಟು ನಂಬಿಕೆಯ ಮನುಷ್ಯ ಬೇರೆ ಇಲ್ಲ.

ಈ ಗ್ರಹಚಾರ ಶುರುವಾದದ್ದೂ ಕಾರಿನಿಂದಲೇ. ಕಳೆದ ಅಕ್ಟೋಬರಿನಲ್ಲಿ ನನ್ನ ಕಾರಿನ ಎಸಿ ಹಾಳಾಗಿ ಗ್ಯಾರೇಜಿಗೆ ಹೋಗುವಾಗ ರಿಯೋನಾ ನಾನೂ ಬರ್ತೇನೆ ಅಂತ ಹಟ ಹಿಡಿದಳು. ರಿಯೋನಾ ನನ್ನ ಒಬ್ಬಳೇ ಮಗಳು, ಹನ್ನೊಂದು ವರ್ಷ. ಗ್ಯಾರೇಜಿನ ಒಳಗೆ ಎರಡು ಮಾನ್‌ಸ್ಟರ್ ಟ್ರಕ್ ನಿಂತಿದ್ದವು. ದೊಡ್ಡದನ್ನು ನೀವು ಟಿವಿಯಲ್ಲಿ ನೋಡಿರ್ತೀರಿ, ಆಳೆತ್ತರದ ಟೈರು, ಹಳೆ ಕಾರುಗಳನ್ನು ಅಪ್ಪಚ್ಚಿ ಮಾಡಿಕೊಂಡು ಹಾರುವ ಜಾತಿ. ಇವು ಅದನ್ನೇ ಅರ್ಧಕ್ಕಿಂತ ಚಿಕ್ಕದು ಮಾಡಿ ಮಕ್ಕಳು ಓಡಿಸುವ ಹಾಗೆ ಕಟ್ಟಿದವು. ಆಟಿಕೆ ಅಂದುಕೊಳ್ಳಬೇಡಿ. ಪೆಟ್ರೋಲ್ ಎಂಜಿನ್ ಉಂಟು, ಡ್ರೈವರ್ ಸುತ್ತ ಕಬ್ಬಿಣದ ಪೈಪಿನ ಗೂಡು ಉಂಟು, ಟೈರು ನನ್ನ ಸೊಂಟಕ್ಕೆ ಬರ್ತದೆ. ಅಬೂ ನಾಸರ್ ತನ್ನ ಇಬ್ಬರು ಗಂಡುಮಕ್ಕಳಿಗೆ ಅಂತ ಕಟ್ಟಿಸಿದ್ದು. ಒಂದಕ್ಕೆ ಗಿಡುಗನ ಮುಖ. ಇನ್ನೊಂದರ ಬಾಡಿಯನ್ನು ಝಹೀರನ ಇಷ್ಟಕ್ಕೆ ಬಿಟ್ಟಿದ್ದ, ಝಹೀರ್ ಫೈಬರಿನಲ್ಲಿ ಕಿತ್ತಳೆ ಬಣ್ಣದ ಏಡಿ ಮಾಡಿ, ಮುಂದಿನ ಟೈರುಗಳ ಮೇಲೆ ಎರಡು ಕೊಂಡಿ ಇಟ್ಟು, ಡೆಂಜಿ ಅಂತ ಬರೆಸಿದ. ತುಳುವಿನಲ್ಲಿ ಏಡಿಗೆ ಡೆಂಜಿ ಅಂತ ಹೇಳುವುದು. ಕುವೈತಿ ಮಕ್ಕಳು ಬಾಯ್ತುಂಬ "ದಂಜಿ, ದಂಜಿ" ಅಂತ ಕೂಗುವಾಗ ಅವನು ಹೊಟ್ಟೆ ಹಿಡಿದು ನಗ್ತಾನೆ.

ಆ ಡೆಂಜಿಯೊಳಗೆ ಹತ್ತಿ ಕೂತ ನನ್ನ ಮಗಳು ಇಳಿಯಲೇ ಇಲ್ಲ. ಎಸಿ ರಿಪೇರಿ ಆಯಿತು, ಚಹಾ ಆಯಿತು, ನನ್ನ ಬೈಗುಳವೂ ಆಯಿತು. ಅಷ್ಟು ಹೊತ್ತಿಗೆ ಅಬೂ ನಾಸರ್ ಬಂದ. ಅವನ ಚಿಕ್ಕ ಮಗನಿಗೆ ಟ್ರಕ್ ಬೋರಾಗಿ ಕುದುರೆಯ ಹುಚ್ಚು ಹಿಡಿದಿತ್ತು, ಡೆಂಜಿ ಸುಮ್ಮನೆ ಧೂಳು ತಿನ್ನುತ್ತಿತ್ತು. "ಹುಡುಗಿ ಓಡಿಸಲಿ ಬಿಡಿ, ಯಲ್ಲಾ," ಅಂತ ಒಂದೇ ಮಾತಿನಲ್ಲಿ ಮುಗಿಸಿದ. ದೊಡ್ಡವರಿಗೆ ಎಲ್ಲ ಸುಲಭ. ಮನೆಗೆ ಬಂದು ಜೂಲಿಯಾನಾಳಿಗೆ ಹೇಳುವ ಕರ್ಮ ನನ್ನದು.

ಜೂಲಿಯಾನಾ, ನನ್ನ ಹೆಂಡತಿ, ಕ್ಲಿನಿಕ್ಕಿನಲ್ಲಿ ನರ್ಸ್. ರಕ್ತ ಕಂಡರೆ ಅವಳಿಗೆ ಏನೂ ಆಗುವುದಿಲ್ಲ, ಆದರೆ ಮಗು ಸೈಕಲಿನಲ್ಲಿ ಇಳಿಜಾರಿಗೆ ಹೋದರೂ ಕಣ್ಣು ಮುಚ್ಚುತ್ತಾಳೆ. ಅವಳು ಬೇಡ ಅಂತಾಳೆ, ನನ್ನ ಕೆಲಸ ಅವಳೇ ಮಾಡ್ತಾಳೆ ಅಂತ ಲೆಕ್ಕ ಹಾಕಿದ್ದೆ. ಅವಳು ಮಗಳ ಮುಖ ನೋಡಿ, "ಹೋಗಲಿ, ದೇವರಿದ್ದಾರೆ," ಅಂದಳು. ದೇವರಿದ್ದಾರೆ, ಸರಿ. ಆದರೆ ರಿಮೋಟ್ ಹಿಡಿಯಲಿಕ್ಕೆ ದೇವರು ಬರುವುದಿಲ್ಲವಲ್ಲ.

ಆ ರಿಮೋಟಿನ ವಿಷಯ ಹೇಳಬೇಕು. ಮಕ್ಕಳ ಟ್ರಕ್ಕಿಗೆ ಒಂದು ನಿಯಮ ಉಂಟು. ಅಪ್ಪ ಅಥವಾ ಅಮ್ಮ ಹೊರಗೆ ನಿಂತು ಕೈಯಲ್ಲಿ ಒಂದು ರಿಮೋಟ್ ಹಿಡಿದಿರಬೇಕು. ಅದರಲ್ಲಿ ಇರುವುದು ಒಂದೇ ಕೆಂಪು ಬಟನ್. ಮಗುವಿಗೆ ಅಪಾಯ ಅಂತ ಕಂಡರೆ ಒತ್ತಬೇಕು, ಟ್ರಕ್ಕಿನ ಎಂಜಿನ್ ಅಲ್ಲಿಂದಲ್ಲಿಗೇ ಬಂದ್. ಬೇರೆ ಯಾರೂ ಹಿಡಿಯುವ ಹಾಗಿಲ್ಲ. ಜೂಲಿಯಾನಾ ಕಣ್ಣು ಮುಚ್ಚುವವಳು, ಅವಳಿಗೆ ಕೊಟ್ಟು ಎಂತ ಪ್ರಯೋಜನ? ಹಾಗಾಗಿ ನಾನು.

ಹುಡುಗಿ ಚೆನ್ನಾಗಿಯೇ ಓಡಿಸ್ತಾಳೆ, ಇಲ್ಲ ಅಂತ ಹೇಳುವುದಿಲ್ಲ. ಶುಕ್ರವಾರ ಚರ್ಚಿನ ಪೂಜೆ, ಮಕ್ಕಳಿಗೆ ಧರ್ಮಬೋಧನೆ ಮಾಡುವ ದೊತೊರ್ನ್ ಕ್ಲಾಸು ಮುಗಿಸಿ ಗ್ಯಾರೇಜಿನ ಹಿಂದಿನ ಮರಳಿಗೆ ಹೋಗುವುದು, ಝಹೀರ್ ಕಲಿಸುವುದು. ಜನವರಿಯಿಂದ ಎಗೈಲಾದ ಮೈದಾನದ ಶೋಗಳಲ್ಲಿ ಬೇರೆ ಮಕ್ಕಳ ಸಂಗಡ ಅವಳೂ ಸುತ್ತು ಹೊಡೆದಳು. ಆದರೆ ಸುತ್ತು ಯಾರಿಗೆ ಬೇಕು? ಅವಳಿಗೆ ಬೇಕಾದದ್ದು ಹಾರುವುದು. ಕಬ್ಬಿಣದ ರ‍್ಯಾಂಪ್ ಹತ್ತಿ, ಅಡ್ಡ ಇಟ್ಟ ಒಂದು ಗುಜರಿ ಕಾರಿನ ಮೇಲಿಂದ ಹಾರಿ ಆಚೆ ಇಳಿಯುವುದು. ಏಪ್ರಿಲ್ ಕೊನೆಯ ಶೋದಲ್ಲಿ ಮಾತ್ರ ಅದಕ್ಕೆ ಬಿಡುವುದು, ಒಬ್ಬರಿಗೆ ಒಂದೇ ಸಲ.

ಆ ಒಂದು ಸಲವೂ ಅವಳಿಗೆ ಇದೇ ವರ್ಷ. ಮೈದಾನದ ಗೇಟಿನ ಕಂಬಕ್ಕೆ ಹಳದಿ ಗೆರೆ ಎಳೆದಿದ್ದಾರೆ. ತಲೆ ಗೆರೆಯಿಂದ ಮೇಲೆ ಹೋದರೆ ಟ್ರಕ್ಕಿಗೆ ಹತ್ತಿಸುವುದಿಲ್ಲ, ಹೆಲ್ಮೆಟ್ ಗೂಡಿನ ಪೈಪಿಗೆ ತಾಗ್ತದೆ. ರಿಯೋನಾ ತಾಯಿ ಕಡೆಯವರ ಹಾಗೆ ಉದ್ದ. ಏಪ್ರಿಲಿನಲ್ಲಿ ಗೆರೆಗೂ ಅವಳ ತಲೆಗೂ ಒಂದು ಬೆರಳು ಹಾಕುವಷ್ಟೇ ಜಾಗ ಇತ್ತು. ಸೆಕೆಗೆ ಎಲ್ಲ ಬಂದಾಗಿ ಮತ್ತೆ ಶುರುವಾಗುವುದು ನವೆಂಬರಿನಲ್ಲಿ, ಅಷ್ಟು ಹೊತ್ತಿಗೆ ಖಂಡಿತ ದಾಟಿರ್ತಾಳೆ. ಈ ಶೋದಲ್ಲಿ ಹಾರದಿದ್ದರೆ ಡೆಂಜಿಯಲ್ಲಿ ಅವಳು ಯಾವತ್ತೂ ಹಾರುವುದಿಲ್ಲ. ಅವಳಿಗೂ ಅದು ಗೊತ್ತಿತ್ತು, ನನಗೂ ಗೊತ್ತಿತ್ತು.

ಗೊತ್ತಿದ್ದೂ ಎಂತ ಮಾಡುವುದು? ಪ್ರಾಕ್ಟೀಸಿಗೆ ಝಹೀರ್ ಮರಳಿನಲ್ಲಿ ಚಿಕ್ಕ ದಿಬ್ಬ ಮಾಡಿಕೊಟ್ಟ. ಮೊದಲ ಸಲ ಅವಳು ದಿಬ್ಬಕ್ಕೆ ವಾರೆಯಾಗಿ ಬಂದಳು. ಒತ್ತಿದೆ. ಮತ್ತೊಮ್ಮೆ ಬಂದಳು, ದೂರದಿಂದ ನೇರ ಬರ್ತಾಳೆ, ಹತ್ತಿರ ಬರುವಾಗ ಅದೇ ವಾರೆ. ಒತ್ತಿದೆ. ಮುಂದಿನ ಶುಕ್ರವಾರವೂ ಅದೇ ಕತೆ. ವಾರೆಯಾಗಿ ದಿಬ್ಬ ಹತ್ತಿದರೆ ಟ್ರಕ್ ಮಗುಚುವುದಿಲ್ಲವಾ? ಒಳಗೆ ಇರುವುದು ನನ್ನ ಮಗಳು. ನಿಮ್ಮದಾಗಿದ್ದರೆ ನೀವು ಬಿಡ್ತಿದ್ದಿರಾ, ಹೇಳಿ ನೋಡುವ.

"ಪೊರ್ಬುಗಳೇ, ಇದು ನಿಮ್ಮ ರಿಫೈನರಿ ಅಲ್ಲ," ಅಂದ ಝಹೀರ್. "ಸ್ವಲ್ಪ ವಾರೆ ಬಂದರೆ ಅವಳೇ ಸರಿ ಮಾಡ್ತಾಳೆ. ಹಾರಲಿಕ್ಕೆ ಬಿಡದೆ ಹಾರುವುದು ಕಲಿಸು ಅಂದರೆ ನಾನು ಹೇಗೆ ಕಲಿಸಲಿ?"

"ಮಗುಚಿದರೆ ನೀನು ಜವಾಬಾ?"

"ಮಗುಚಿದರೆ ಬೆಲ್ಟ್ ಉಂಟು, ಗೂಡು ಉಂಟು. ನಾನು ಕಟ್ಟಿದ ಗೂಡು ಅದು."

ರಿಯೋನಾ ಹೆಲ್ಮೆಟ್ ತೆಗೆದು ಸೀಟಿಗೆ ಎಸೆದಳು. ನಾವು ಮನೆಯಲ್ಲಿ ಕೊಂಕಣಿ ಮಾತಾಡ್ತೇವೆ, ಅವಳ ಉತ್ತರ ಇಂಗ್ಲಿಷಿನಲ್ಲೇ. "ಯು ಡೋಂಟ್ ಟ್ರಸ್ಟ್ ಮಿ," ಅಂದಳು. ಮಂಗಫ್ ಮುಟ್ಟುವವರೆಗೂ ಕಿಟಕಿಯ ಕಡೆ ಮುಖ ಮಾಡಿ ಕೂತಳು. ನಂಬಿಕೆಗೂ ಇದಕ್ಕೂ ಎಂತ ಸಂಬಂಧ ಅಂತ ನಾನು ಸ್ಟೇರಿಂಗಿಗೆ ಹೇಳಿಕೊಂಡೆ, ಕೇಳುವವರು ಬೇರೆ ಯಾರೂ ಇರಲಿಲ್ಲ.

ಶೋದ ಹಿಂದಿನ ದಿನ ಅವಳೇ ಬಂದು ಕೇಳಿದಳು, ನಾಳೆ ಒತ್ತುವುದಿಲ್ಲ ಅಂತ ಪ್ರಾಮಿಸ್ ಮಾಡು ಅಂತ. ನೇರ ಬಂದರೆ ಒತ್ತುವುದಿಲ್ಲ ಅಂತ ಮಾತು ಕೊಟ್ಟೆ. "ನೇರ ಬಂದರೆ" ಅಂದದ್ದಕ್ಕೆ ಜೂಲಿಯಾನಾ ನನ್ನನ್ನು ದುರುಗುಟ್ಟಿ ನೋಡಿದಳು. ಬರೀ ಪ್ರಾಮಿಸ್ ಮಾಡಲಿಕ್ಕೆ ನಾನು ಇನ್ಶೂರೆನ್ಸ್ ಏಜೆಂಟಾ?

ಶುಕ್ರವಾರ ಮಧ್ಯಾಹ್ನವೇ ಮೈದಾನಕ್ಕೆ ಹೋದೆವು. ಬಿಸಿಲು ಹೊಡೆದು ಮರಳು ಕಣ್ಣಿಗೆ ಚುಚ್ಚುತ್ತಿತ್ತು. ನಾನು ಬೆಲ್ಟ್ ನೋಡಿದೆ, ಕುತ್ತಿಗೆಯ ಪಟ್ಟಿ ನೋಡಿದೆ, ಟೈರಿನ ನಟ್ಟು ಒಂದೊಂದೂ ತಿರುಗಿಸಿ ನೋಡಿದೆ. ಸೀಟಿನ ಹಿಂದೆ ಪೈಪಿಗೆ ಕಟ್ಟಿದ ಒಂದು ಕಪ್ಪು ಡಬ್ಬಿ ಉಂಟು, ರಿಮೋಟಿನ ಸಿಗ್ನಲ್ ಹಿಡಿಯುವ ರಿಸೀವರ್. ಅದು ಕೆಟ್ಟರೂ, ವಯರು ತಪ್ಪಿದರೂ ಎಂಜಿನ್ ತನ್ನಿಂದ ತಾನೇ ನಿಲ್ಲಬೇಕು, ಹಾಗೆ ಮಾಡಿದ್ದು. ಅದರ ಮುಚ್ಚಳಕ್ಕೆ ಸ್ಕ್ರೂ ಹಾಕಿರಲಿಲ್ಲ, ಸುಮ್ಮನೆ ಮೇಲೆ ಇಟ್ಟಿತ್ತು.

"ಝಹೀರ್, ಇದನ್ನು ಮುಚ್ಚು," ಅಂದೆ.

"ಹೊಸ ಬ್ಯಾಟರಿ ಹಾಕಿದ್ದೇನೆ, ಈ ಸೆಕೆಗೆ ಕಾಯ್ತಾ ಉಂಟು. ಸ್ವಲ್ಪ ಗಾಳಿ ಆಡಲಿ. ಹೋಗುವ ಮೊದಲು ಹಾಕ್ತೇನೆ."

"ಹೋಗುವ ಮೊದಲು ಅಂದರೆ ಮರೆತುಹೋಗ್ತದೆ."

"ಖಲಾಸ್ ಪೊರ್ಬು, ನೀವು ಹೋಗಿ ಒಂದು ಲಬಾನ್ ಕುಡಿದು ಬನ್ನಿ."

ಹೇಳಿದ್ದು ಕೇಳುವವರು ಯಾರು? ಮಂಡೆ ಬಿಸಿಯಾಗಿ ಲಬಾನ್ ತರಲಿಕ್ಕೆ ಹೋದೆ. ಈ ದೇಶದ ಮಜ್ಜಿಗೆ ಅದು, ಹೊಟ್ಟೆಗೆ ತಂಪು. ಜೂಲಿಯಾನಾ ಮಗಳ ಹತ್ತಿರ ಒಮ್ಮೆ ಹೋಗಿ ಬರ್ತೇನೆ ಅಂತ ಬ್ಯಾಗು ಹಿಡಿದುಕೊಂಡು ಟ್ರಕ್ಕಿನ ಕಡೆ ಹೋದಳು. ಆಶೀರ್ವಾದ ಮಾಡಿ ಬರಲಿ ಅಂತ ಸುಮ್ಮನಿದ್ದೆ.

ಗಿಡುಗನ ಟ್ರಕ್ ಮೊದಲು ಹಾರಿತು, ಅಬೂ ನಾಸರನ ದೊಡ್ಡ ಮಗ. ಜನ ಶಿಳ್ಳೆ ಹೊಡೆದರು. ಆಮೇಲೆ ಇನ್ನೂ ಕೆಲವು ಮಕ್ಕಳು. ಮಾರ್ಷಲ್ ಒಬ್ಬ ಈಜಿಪ್ಟಿನವನು, ಸಬ್ರಿ ಅಂತ, ಕೊರಳಲ್ಲಿ ಪೀಪಿ, ಮುಖದಲ್ಲಿ ನಗು ಇಲ್ಲ. ನನ್ನ ಜಾತಿಯವನೇ ಅಂತ ಸ್ವಲ್ಪ ಸಮಾಧಾನ ಆಗಿತ್ತು. ಡೆಂಜಿಯ ಹೆಸರು ಕರೆದರು. ನಾನು ಬೇಲಿಯ ಈಚೆ, ರ‍್ಯಾಂಪಿಗೆ ಸ್ವಲ್ಪ ಬದಿಯಾಗಿ ಗುರುತು ಹಾಕಿದ ಜಾಗದಲ್ಲಿ ನಿಂತೆ. ರಿಮೋಟ್ ಎದೆಯ ಹತ್ತಿರ, ಹೆಬ್ಬೆರಳು ಬಟನ್ ಮೇಲೆ. ಪಕ್ಕದಲ್ಲಿ ಜೂಲಿಯಾನಾ ಆಗಲೇ ಕಣ್ಣು ಮುಚ್ಚಿ ನಮೋ ಮರಿಯಾ ಪ್ರಾರ್ಥನೆ ಶುರು ಮಾಡಿದ್ದಳು.

ಸಬ್ರಿ ಪೀಪಿ ಊದಿದ. ಡೆಂಜಿ ಧೂಳೆಬ್ಬಿಸಿಕೊಂಡು ಹೊರಟಿತು. ನೇರ ಬಂತು, ಬಹಳ ಚೆನ್ನಾಗಿ ನೇರ ಬಂತು. ರ‍್ಯಾಂಪ್ ಇನ್ನೇನು ಹತ್ತಿರ ಬಂತು ಅನ್ನುವಾಗ ಮುಂದಿನ ಟೈರು ಸ್ವಲ್ಪ ಎಡಕ್ಕೆ ಎಳೆಯಿತು. ಅದೇ ವಾರೆ. ಅಷ್ಟರಲ್ಲಿ ಎಂಜಿನ್ ಒಮ್ಮೆ ಕೆಮ್ಮಿ ನಿಂತುಹೋಯಿತು. ಡೆಂಜಿ ಹೋದ ಓಟಕ್ಕೆ ರ‍್ಯಾಂಪಿನ ಬುಡಕ್ಕೆ ಮುಟ್ಟಿ, ಅರ್ಧ ಟೈರು ಹತ್ತಿ, ಹಿಂದಕ್ಕೆ ಜಾರಿ ಕೂತಿತು.

ಇಡೀ ಮೈದಾನ ನನ್ನ ಕಡೆ ತಿರುಗಿತು. ಎಲ್ಲರಿಗೂ ಕಾಣುವ ಹಾಗೆ ನಾನು ರಿಮೋಟ್ ಹಿಡಿದು ನಿಂತಿದ್ದೇನೆ, ಹೆಬ್ಬೆರಳು ಬಟನ್ ಮೇಲೆ. ಜೂಲಿಯಾನಾ ಕಣ್ಣು ಬಿಟ್ಟಳು. ನಿಂತ ಟ್ರಕ್ ನೋಡಿದಳು, ನನ್ನ ಕೈ ನೋಡಿದಳು.

"ಇವತ್ತೂ ಒತ್ತಿದೆಯಾ ರೂಡಿ?"

"ಒತ್ತಲಿಲ್ಲ."

"ಮತ್ತೆ ಅದು ಹೇಗೆ ನಿಂತಿತು?"

"ನನಗೆ ಹೇಗೆ ಗೊತ್ತು? ನಾನು ಒತ್ತಲಿಲ್ಲ."

"ಮಗುವಿಗೆ ಮಾತು ಕೊಟ್ಟು ಹೀಗೆ ಮಾಡ್ತಾರಾ?" ಅಂತ ಅವಳು ಸೀರೆಯ ಸೆರಗಿನಲ್ಲಿ ಕಣ್ಣು ಒರೆಸಿದಳು. ಹಿಂದಿನ ಕುರ್ಚಿಯಲ್ಲಿ ಕೂತಿದ್ದ ಮಲಯಾಳಿ ಕುಟುಂಬ ಪಿಸಪಿಸ ಶುರು ಮಾಡಿತು. ನನಗೆ ಭೂಮಿ ಬಾಯಿ ಬಿಡಬಾರದಾ ಅನ್ನಿಸಿತು.

ಸಬ್ರಿ ಬಂದ. ಅವನಿಗೆ ಬೇಕಾದದ್ದು ಒಂದೇ ಉತ್ತರ. ತಂದೆ ಬಟನ್ ಒತ್ತಿ ನಿಲ್ಲಿಸಿದ್ದಾದರೆ ಆ ಮಗುವಿನ ಸರದಿ ಮುಗಿಯಿತು, ಮತ್ತೆ ಅವಕಾಶ ಇಲ್ಲ. ಗಾಡಿಯೇ ಕೆಟ್ಟದ್ದಾದರೆ ಕೊನೆಯಲ್ಲಿ ಇನ್ನೊಮ್ಮೆ ಬಿಡ್ತಾರೆ. "ಒತ್ತಿದ್ದೀರಾ?" ಅಂತ ಕೇಳಿದ. ಇಲ್ಲ ಅಂದೆ. ಅವನು ನನ್ನ ಹೆಬ್ಬೆರಳನ್ನು ನೋಡಿದ. ನಾನು ಪ್ಲಾಂಟಿನಲ್ಲಿ ಬೆಲ್ಟ್ ಕಟ್ಟಿದ್ದೇನೆ ಅಂತ ಸುಳ್ಳು ಹೇಳುವವರನ್ನು ನೋಡುವುದು ಸರೀ ಹಾಗೇ.

ರಿಯೋನಾ ಟ್ರಕ್ಕಿನಿಂದ ಇಳಿದು ನಡೆದುಕೊಂಡು ಬಂದಳು. ಅಳಲಿಲ್ಲ. ಅತ್ತಿದ್ದರೆ ಒಳ್ಳೆಯದಿತ್ತು. ನನ್ನನ್ನು ದಾಟಿ ಹೋಗಿ ನೀರಿನ ಕ್ರೇಟಿನ ಮೇಲೆ ಬೆನ್ನು ಹಾಕಿ ಕೂತಳು. ನಾನು ಹಿಂದಿನಿಂದ ಹೋಗಿ, "ಬಾಯೆ, ದೇವರಾಣೆ ನಾನಲ್ಲ," ಅಂದೆ. ಅವಳು ಹೆಲ್ಮೆಟ್ಟಿನ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಂಡು ಕೂತಳೇ ವಿನಾ ತಿರುಗಲಿಲ್ಲ. ಹನ್ನೊಂದು ವರ್ಷ ಸಾಕಿದ್ದಕ್ಕೆ ಇಷ್ಟು ನಂಬಿಕೆ. ನನಗೆ ಎಷ್ಟು ಸಿಟ್ಟು ಬಂತು ಅಂದರೆ, ಆ ರಿಮೋಟನ್ನು ಅಲ್ಲೇ ನೆಲಕ್ಕೆ ಬಡಿದುಬಿಡುವಷ್ಟು.

"ಝಹೀರ್, ಡಬ್ಬಿ ತೆರೆ," ಅಂತ ಕಿರುಚಿದೆ. "ಈಗಲೇ ತೆರೆ, ಈ ಸಬ್ರಿಯ ಎದುರೇ ತೆರೆ."

ಝಹೀರನಿಗೂ ನನ್ನ ಮೇಲೆಯೇ ಸಂಶಯ, ಮುಖ ನೋಡಿದರೆ ಗೊತ್ತಾಗ್ತಿತ್ತು. ಆದರೂ ಟ್ರಕ್ಕಿನ ಹಿಂದೆ ಬಗ್ಗಿ ರಿಸೀವರಿನ ಮುಚ್ಚಳಕ್ಕೆ ಕೈ ಹಾಕಿದ. ಸ್ಕ್ರೂ ಹಾಕಿರಲಿಲ್ಲ, ಮರೆತಿದ್ದ, ನಾನು ಹೇಳಿದ ಹಾಗೇ. ಮುಚ್ಚಳ ಎತ್ತಿ ಬಗ್ಗಿಸಿದರೆ ಒಳಗಿನಿಂದ ನೀರು ಇಳಿಯಿತು. ಹನಿ ಅಲ್ಲ, ನೀರು. ಓಟಕ್ಕೆ ಕುಲುಕಿ ಇಡೀ ಸರ್ಕ್ಯೂಟು ಒದ್ದೆ.

"ಇದೆಂತ, ಮಳೆ ಬಂತಾ?" ಅಂತ ಝಹೀರ್ ಆಕಾಶ ನೋಡಿದ. ಕುವೈತಿನ ಆಕಾಶ, ಒಂದು ತುಂಡು ಮೋಡ ಇಲ್ಲ.

ನನ್ನ ಬೆನ್ನ ಹಿಂದೆ ಪುನಃ ಶುರುವಾಗಿದ್ದ ಜೂಲಿಯಾನಾಳ ನಮೋ ಮರಿಯಾ ನಿಂತಿತು. ತಿರುಗಿ ನೋಡಿದೆ. ಅವಳು ಬ್ಯಾಗನ್ನು ಹೊಟ್ಟೆಗೆ ಒತ್ತಿ ಹಿಡಿದುಕೊಂಡಿದ್ದಳು. ಬ್ಯಾಗಿನಿಂದ ಒಂದು ನೀಲಿ ಮುಚ್ಚಳ ಇಣುಕುತ್ತಿತ್ತು. ಆ ಮುಚ್ಚಳ ನನಗೆ ಚೆನ್ನಾಗಿ ಗೊತ್ತು. ಮರಿಯಾ ಮಾತೆಯ ಆಕಾರದ ಪ್ಲಾಸ್ಟಿಕ್ ಬಾಟಲಿ, ಕಿರೀಟವೇ ಮುಚ್ಚಳ. ವೆಲಂಕಣಿಯಿಂದ ತಂದದ್ದು, ಆಗ್ಮೆಂತ್, ಅಂದರೆ ಮಂತ್ರಿಸಿದ ಪವಿತ್ರ ಜಲ. ನಮ್ಮವರು ಹೊಸ ಸ್ಕೂಟರಿಗೆ, ಹೊಸ ಫ್ರಿಜ್ಜಿಗೆ, ಪರೀಕ್ಷೆಗೆ ಹೋಗುವ ಮಗುವಿನ ತಲೆಗೆ, ಎಲ್ಲದಕ್ಕೂ ಚಿಮುಕಿಸುವುದು ಅದನ್ನೇ.

"ನೀನಾ?" ಅಂದೆ.

"ಸ್ವಲ್ಪ ಚಿಮುಕಿಸಿದೆ ಅಷ್ಟೇ."

ಬಾಟಲಿಯನ್ನು ಬ್ಯಾಗಿನಿಂದ ಎಳೆದು ಅಲ್ಲಾಡಿಸಿ ನೋಡಿದೆ. "ಜೂಲಿ, ಬಾಟಲಿ ಖಾಲಿ ಉಂಟು."

"ಸೀಟಿನ ಹಿಂದೆ ಆ ಡಬ್ಬಿಯಲ್ಲಿ ಕೆಂಪು ದೀಪ ಮಿಣಮಿಣ ಅನ್ನುತ್ತಿತ್ತು," ಅಂದಳು. ದನಿ ಸಣ್ಣದಾಯಿತು. "ಅದರ ಜೀವ ಇರುವುದು ಅಲ್ಲೇ ಅಂದುಕೊಂಡೆ. ಜೀವ ಇರುವಲ್ಲಿ ಹಾಕಿದರೆ ಒಳ್ಳೆಯದು ಅಂತ ಮುಚ್ಚಳ ಸರಿಸಿ ಪೂರ್ತಿ ಹಾಕಿದೆ."

ಎಲ್ಲಿಂದ ಬೈಯಲಿಕ್ಕೆ ಶುರು ಮಾಡುವುದು ಅಂತಲೇ ಗೊತ್ತಾಗಲಿಲ್ಲ. ಮುಚ್ಚಳಕ್ಕೆ ಸ್ಕ್ರೂ ಹಾಕದವನಿಗೆ ಬೈಯುವುದಾ, ಸರಿಸಿದವಳಿಗೆ ಬೈಯುವುದಾ? ಮಗಳನ್ನು ಕಾಪಾಡಲಿಕ್ಕೆ ಇಟ್ಟ ಡಬ್ಬಿಗೇ ಮಗಳನ್ನು ಕಾಪಾಡಲಿಕ್ಕೆ ನೀರು. ಮಾಡಿದವರು ಅವರಿಬ್ಬರು, ಬೈಗುಳ ತಿಂದದ್ದು ನಾನು. ಮೊಸರು ತಿಂದ ಕೋತಿ ಮೇಕೆಯ ಬಾಯಿಗೆ ಒರೆಸಿದ ಹಾಗೆ. ಮೇಕೆ ನಾನೇ.

ಸಬ್ರಿ ಒದ್ದೆ ಡಬ್ಬಿಯನ್ನು ತೋರಿಸಿ ಇದು ಎಂತ ನೀರು ಅಂತ ಕ್ಲಾಸ್ ತಗೊಳ್ಳಲಿಕ್ಕೆ ಹೊರಟ. ಝಹೀರ್ ಅವನನ್ನು ಪಕ್ಕಕ್ಕೆ ಕರೆದು ಅರಬಿಯಲ್ಲಿ ಏನೋ ಹೇಳಿದ. ನನಗೆ ಒಂದೇ ಶಬ್ದ ಅರ್ಥ ಆಯಿತು, ಝಂಝಂ, ಮುಸ್ಲಿಮರ ಪವಿತ್ರ ನೀರು. ನಮಗೆ ಝಂಝಂ ನೀರು ಹೇಗೋ, ಇವರಿಗೆ ಇದು ಹಾಗೆ ಅಂತ ಹೇಳಿದ್ದಂತೆ. ಸಬ್ರಿಯ ಮುಖ ಆ ದಿನ ಮೊದಲ ಸಲ ಸಡಿಲಾಯಿತು. ತನ್ನ ತಾಯಿಯೂ ತನ್ನ ಮೊದಲ ಕಾರಿಗೆ ಝಂಝಂ ಹಾಕಿದ್ದಳು ಅಂದ. "ಆದರೆ ಬಾನೆಟ್ ಮುಚ್ಚಿ, ಮೇಲಿಂದ ಹಾಕಿದ್ದು, ಮೇಡಂ," ಅಂತ ಜೂಲಿಯಾನಾಳ ಕಡೆ ತಿರುಗಿ ಹೇಳಿದ. ಗಾಡಿಯ ದೋಷ, ಕೊನೆಯಲ್ಲಿ ಇನ್ನೊಮ್ಮೆ ಬಿಡ್ತೇನೆ ಅಂದು ಹೋದ.

"ಬಾಯಮ್ಮ, ಮುಂದಿನ ಸಲ ಟೈರಿಗೆ ಹಾಕಿ," ಅಂದ ಝಹೀರ್. "ಟೈರಿಗಾದರೆ ಎಷ್ಟು ಬೇಕಾದರೂ ಹಾಕಿ." ಗಿಡುಗನ ಟ್ರಕ್ಕಿನ ರಿಸೀವರನ್ನೂ ರಿಮೋಟನ್ನೂ ಬಿಚ್ಚಿ ತಂದು ಡೆಂಜಿಗೆ ಹಾಕಲಿಕ್ಕೆ ಕೂತ. ಈ ಸಲ ಮುಚ್ಚಳಕ್ಕೆ ಸ್ಕ್ರೂ ಹಾಕುವವರೆಗೆ ನಾನು ತಲೆಯ ಮೇಲೆಯೇ ನಿಂತಿದ್ದೆ.

ಆಮೇಲೆ ಮಗಳ ಹತ್ತಿರ ಹೋದೆ. ಸಣ್ಣ ಗೆಲುವು ಅಲ್ಲ ಅದು ನನಗೆ. ಒದ್ದೆ ಡಬ್ಬಿಯನ್ನು ಅವಳ ಎದುರು ಹಿಡಿದು, "ನೋಡು, ನಾನು ಒತ್ತಲಿಲ್ಲ ಅಂದರೆ ಒತ್ತಲಿಲ್ಲ," ಅಂದೆ. ಸಾರಿ ಪಪ್ಪಾ ಅಂತ ಒಂದು ಮಾತು ಬರ್ತದೆ ಅಂತ ಕಾದೆ. ಬರಬೇಡವಾ?

ರಿಯೋನಾ ಡಬ್ಬಿ ನೋಡಿದಳು. ಆಮೇಲೆ ನನ್ನ ಮುಖ ನೋಡಿ ಕೇಳಿದಳು, "ನೀರು ಇರದಿದ್ದರೆ ಒತ್ತುತ್ತಿದ್ದೆಯಾ?"

ಝಹೀರನ ಸ್ಪ್ಯಾನರಿನ ಸದ್ದು ನಿಂತಿತು. ಜೂಲಿಯಾನಾ ಮಗಳ ಹಿಂದೆ ನಿಂತು ಇಲ್ಲ ಅಂತ ಹೇಳು, ಇಲ್ಲ ಅಂತ ಹೇಳು ಅಂತ ನನಗೆ ಕಣ್ಣಿನಲ್ಲೇ ಸನ್ನೆ ಮಾಡಿದಳು. ಹೇಳಬಹುದಿತ್ತು. ಯಾವ ಡಬ್ಬಿ ತೆರೆದರೂ ಅದು ಸುಳ್ಳು ಅಂತ ತೋರಿಸಲಿಕ್ಕೆ ಆಗ್ತಿರಲಿಲ್ಲ. ಆದರೆ ಆ ಟೈರು ಎಡಕ್ಕೆ ಎಳೆದ ಕ್ಷಣ ನನ್ನ ಹೆಬ್ಬೆರಳು ಇಳಿಯಲಿಕ್ಕೆ ಶುರುವಾಗಿತ್ತು. ಬಟನ್ ಅರ್ಧ ಕೆಳಗೆ ಹೋದದ್ದು ನನ್ನ ಚರ್ಮಕ್ಕೆ ಗೊತ್ತು. ಎಂಜಿನ್ ನನಗಿಂತ ಮೊದಲು ಸತ್ತಿತು, ಅಷ್ಟೇ.

"ಒತ್ತುತ್ತಿದ್ದೆ," ಅಂದೆ.

"ಐ ನೋ," ಅಂದಳು. ಸಿಟ್ಟಿನಲ್ಲಿ ಅಲ್ಲ, ಸುಸ್ತಾದವರ ಹಾಗೆ. "ಒಳಗಿನಿಂದ ನಿನ್ನ ಕೈ ಕಾಣ್ತದೆ ಪಪ್ಪಾ. ರ‍್ಯಾಂಪ್ ಹತ್ತಿರ ಬರುವಾಗ ನೀನು ಒತ್ತುತ್ತೀಯಾ ಅಂತ ನಾನು ನಿನ್ನ ಹೆಬ್ಬೆರಳನ್ನೇ ನೋಡುವುದು. ರ‍್ಯಾಂಪ್ ನೋಡುವುದಿಲ್ಲ."

ನಾನು ನಿಂತಿದ್ದ ಜಾಗ ನೋಡಿದೆ. ರ‍್ಯಾಂಪಿನ ಎಡಗಡೆ. ಗ್ಯಾರೇಜಿನ ಮರಳಿನಲ್ಲೂ ನಾನು ನಿಲ್ಲುತ್ತಿದ್ದದ್ದು ಎಡಗಡೆಯೇ. ಅವಳ ಕಣ್ಣು ಹೋದ ಕಡೆಗೇ ಟೈರೂ ಹೋಗ್ತಿತ್ತು, ಆ ವಾರೆ ಎಲ್ಲಿಂದ ಬರ್ತಿತ್ತು ಅಂತ ಈಗ ಗೊತ್ತಾಯಿತು. ಇಷ್ಟು ವರ್ಷ ಸೇಫ್ಟಿ ಅಂತ ಬೊಬ್ಬೆ ಹೊಡೆದವನು ನಾನು, ಅಪಾಯ ಎಲ್ಲಿ ಉಂಟು ಅಂತ ಹುಡುಕಿ ಹೇಳುವುದಕ್ಕೇ ನನಗೆ ಸಂಬಳ. ನನಗೆ ನನ್ನ ಮೇಲೆಯೇ ಬಂದ ಸಿಟ್ಟಿಗೆ ಕನ್ನಡದಲ್ಲಿಯೂ ಕೊಂಕಣಿಯಲ್ಲಿಯೂ ಬೈಗುಳ ಸಾಲಲಿಲ್ಲ.

"ಝಹೀರ್ ಅಂಕಲಿಗೆ ಕೊಡುವ ಹಾಗಿದ್ದರೆ ಕೊಡ್ತಿದ್ದೆ," ಅಂದೆ. "ನಿಯಮ ಇಲ್ಲ. ನಾನೇ ಹಿಡಿಯಬೇಕು."

"ನೀನೇ ಹಿಡಿ," ಅಂದಳು. ಸ್ವಲ್ಪ ಯೋಚಿಸಿ, ನನ್ನ ಬಲಗೈಯನ್ನು ಹಿಡಿದು ತಲೆಯ ಮೇಲಕ್ಕೆ ನೂಕಿದಳು. "ಹೀಗೆ ಇಟ್ಟುಕೋ. ಹೆಬ್ಬೆರಳು ಹೊರಗೆ. ಹೊರಡುವಾಗ ಒಮ್ಮೆ ನೋಡ್ತೇನೆ. ಆಮೇಲೆ ನೋಡುವುದಿಲ್ಲ."

ಹಾಗೆ ನಾನು ಎಗೈಲಾದ ಮೈದಾನದಲ್ಲಿ, ಅಷ್ಟು ಜನರ ಎದುರು, ಪೊಲೀಸರಿಗೆ ಸಿಕ್ಕಿಬಿದ್ದವನ ಹಾಗೆ ಒಂದು ಕೈ ಎತ್ತಿ ನಿಂತೆ. ರಿಮೋಟ್ ನಾಲ್ಕು ಬೆರಳಲ್ಲಿ, ಹೆಬ್ಬೆರಳು ಗಾಳಿಯಲ್ಲಿ. ಪಾಪ್‌ಕಾರ್ನಿನವನು ಹಲ್ಲು ಬಿಟ್ಟ. ನನ್ನ ಪ್ಲಾಂಟಿನಲ್ಲಿ ಯಾರಾದರೂ ಹೀಗೆ ನಿಂತಿದ್ದರೆ ಅದೇ ದಿನ ಗೇಟ್ ಪಾಸ್ ಕಿತ್ತುಕೊಳ್ತಿದ್ದೆ. ಜೂಲಿಯಾನಾ ಪುನಃ ಕಣ್ಣು ಮುಚ್ಚಿದಳು, ಖಾಲಿ ಬಾಟಲಿಯನ್ನೇ ಹಿಡಿದುಕೊಂಡು.

ಪೀಪಿ ಕೂಗಿತು. ಹೆಲ್ಮೆಟ್ ಒಮ್ಮೆ ನನ್ನ ಕಡೆ ತಿರುಗಿತು, ಕೈ ನೋಡಿತು, ಮುಂದಕ್ಕೆ ತಿರುಗಿತು. ಡೆಂಜಿ ಬಂತು. ದೂರದಲ್ಲಿ ನೇರ, ಹತ್ತಿರದಲ್ಲಿಯೂ ನೇರ. ರ‍್ಯಾಂಪ್ ಹತ್ತಿತು, ಮುಂದಿನ ಟೈರು ಬಿಟ್ಟಿತು, ಹಿಂದಿನದು ಬಿಟ್ಟಿತು. ಗುಜರಿ ಕಾರಿನ ಮೇಲೆ, ನೆಲಕ್ಕೆ ಎಲ್ಲಿಯೂ ತಾಗದೆ, ನನ್ನ ಮಗಳು.

ಇಳಿಯುವಾಗ ಎಡಗಡೆಯ ಎರಡು ಟೈರು ನೆಲ ಮುಟ್ಟಿದವು, ಬಲಗಡೆಯ ಎರಡು ಮೇಲೆಯೇ ಉಳಿದವು. ಟ್ರಕ್ ಆ ವಾರೆಯಲ್ಲೇ ಓಡುತ್ತಾ ಉಂಟು. ಮಗುಚುತ್ತದೆ ಅಂತ ನನ್ನ ಮೈಯೆಲ್ಲ ಹೇಳಿತು. ಖಲಾಸ್ ಅನ್ನುವ ಮಾತು ಬಾಯಿಗೆ ಬಂದು ನಿಂತಿತು. ಬಟನ್ ಇದ್ದದ್ದು ಹೆಬ್ಬೆರಳಿನ ಪಕ್ಕದಲ್ಲೇ. ಅವಳು ನನ್ನ ಕಡೆ ನೋಡಲಿಲ್ಲ. ಝಹೀರ್ ಕಲಿಸಿದ ಹಾಗೆ ವಾಲಿದ ಕಡೆಗೇ ಸ್ಟೇರಿಂಗ್ ತಿರುಗಿಸಿ ಸ್ವಲ್ಪ ಗ್ಯಾಸ್ ಕೊಟ್ಟಳು. ಬಲಗಡೆಯ ಟೈರುಗಳು ದಡಬಡ ಅಂತ ನೆಲಕ್ಕೆ ಬಂದವು. ಡೆಂಜಿ ಒಂದು ಸುತ್ತು ಹೊಡೆದು ನಿಂತಿತು, ಅವಳೇ ಎಂಜಿನ್ ಆಫ್ ಮಾಡಿದಳು.

ಕಿರುಚಾಟ, ಶಿಳ್ಳೆ, ದಂಜಿ ದಂಜಿ ಅನ್ನುವ ಕೂಗು. "ಆಯಿತಾ? ಆಯಿತಾ?" ಅಂತ ಜೂಲಿಯಾನಾ ಕಣ್ಣು ಮುಚ್ಚಿಯೇ ಕೇಳುತ್ತಿದ್ದಳು. ರಿಯೋನಾ ಬೆಲ್ಟ್ ಬಿಚ್ಚಿ, ಹೆಲ್ಮೆಟ್ ತೆಗೆದು, ಬೆವರಿಗೆ ಅಂಟಿದ ಕೂದಲಿನಲ್ಲಿ ಓಡಿಕೊಂಡು ಬಂದಳು. ಝಹೀರನ ಹತ್ತಿರ ನಿಲ್ಲಲಿಲ್ಲ, ತಾಯಿಯ ಹತ್ತಿರವೂ ನಿಲ್ಲಲಿಲ್ಲ. ನನ್ನ ಎದುರು ಬಂದು ಮೇಲೆ ನೋಡಿದಳು.

"ಪಪ್ಪಾ, ಇನ್ನು ಕೈ ಇಳಿಸಬಹುದು."

ನಾನೂ ಮೇಲೆ ನೋಡಿದೆ. ಕೈ ಇನ್ನೂ ಅಲ್ಲೇ ಇತ್ತು. ಇಳಿಸಲಿಕ್ಕೆ ನೋಡಿದೆ, ಮರಗಟ್ಟಿ ಹೋಗಿತ್ತು, ಬಗ್ಗಲಿಲ್ಲ. ಕೊನೆಗೆ ಅವಳೇ ತುದಿಗಾಲಲ್ಲಿ ನಿಂತು ನನ್ನ ಮೊಣಕೈ ಹಿಡಿದು ಮೆಲ್ಲ ಕೆಳಗೆ ಇಳಿಸಿದಳು. ಕಳೆದ ಅಕ್ಟೋಬರಿನಲ್ಲಾದರೆ ಅವಳಿಗೆ ಅಷ್ಟು ಎತ್ತರ ಎಟುಕುತ್ತಿರಲಿಲ್ಲ.